ನಮ್ಮ ರಿಜಿಸ್ಟರಿನಲ್ಲಿ ಹೆಸರಿಲ್ಲದೋರು

ಹೋದ ತಿಂಗಳು ಚಿಕ್ಕಮಗಳೂರಲ್ಲಿ ಒಂದು ಸಭೆ ಇತ್ತು. ಸ್ತ್ರೀಶಕ್ತಿ ಸಂಘದೋರು, ಆಶಾ ಅಕ್ಕಂದ್ರು, ಹೈಸ್ಕೂಲು ಮೇಷ್ಟ್ರುಗಳು, ಮೂಡಿಗೆರೆ ಕಡೆಯಿಂದ ತೋಟದ ಲೆಕ್ಕ ನೋಡೋ ಎರಡು ಮೂರು ಎಸ್ಟೇಟ್ ರೈಟರ್‌ಗಳೂ ಬಂದಿದ್ರು. ಚಿಕಿತ್ಸೆಗೆ ಬರೋ ವ್ಯಸನಿಗಳು ಯಾರು, ಎಂಥವರು ಅಂತ ನಂಗೆ ವಿಷಯ ಕೊಟ್ಟಿದ್ರು. ಆವತ್ತು ಮಾತಾಡಿದ್ದನ್ನ ಬರ್ದು ಕೊಡಿ ಅಂತ ಆಮೇಲೆ ಕೇಳಿದ್ರು, ಬರೀತಾ ಕೂತಾಗ ಅಲ್ಲಿ ಹೇಳಕ್ಕೆ ಮರ್ತಿದ್ದು ಒಂದೆರಡು ಸೇರ್ಕೊಂಡಿದೆ, ಮಾತಿನ ಧಾಟಿ ಮಾತ್ರ ಹಾಗೇ ಬಿಟ್ಟಿದೀನಿ.

ಎಲ್ಲರಿಗೂ ನಮಸ್ಕಾರ. ನಾನು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿ, ಹನ್ನೆರಡು ವರ್ಷ ಆಯ್ತು. ಡಾಕ್ಟರ್ ಔಷಧಿ ನೋಡ್ತಾರೆ, ನಾನು ಕೂತು ಕೇಳ್ತೀನಿ, ಬರ್ಕೋತೀನಿ. ಹೊಸದಾಗಿ ಯಾರು ಬಂದ್ರೂ ಮೊದ್ಲು ನನ್ನ ಟೇಬಲ್‌ಗೇ ಬರೋದು. ಒಂದು ದಪ್ಪ ರಿಜಿಸ್ಟರ್ ಇದೆ, ಅದ್ರಲ್ಲಿ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಎಷ್ಟು ಓದಿದಾರೆ, ಮದ್ವೆ ಆಗಿದ್ಯಾ, ಏನು ಕೆಲಸ, ಯಾವೂರು, ಏನು ತಗೋತಾರೆ, ಎಷ್ಟು ವರ್ಷದಿಂದ ಅಂತ ಸಾಲಾಗಿ ಕಾಲಂಗಳು, ಕೊನೇಲಿ "ಜೊತೆಯಲ್ಲಿ ಬಂದವರು" ಅಂತ ಒಂದು ಸಣ್ಣ ಕಾಲಂ. ಮೊದಮೊದ್ಲು ನಾನು ಆ ಕೊನೇ ಕಾಲಂನ ಲೆಕ್ಕಕ್ಕೇ ತಗೋತಿರ್ಲಿಲ್ಲ, ಫೋನ್ ನಂಬರ್ ಬರ್ಕೊಳಕ್ಕೆ ಇರೋದು ಅನ್ಕೊಂಡಿದ್ದೆ. ಈಗ ಯಾರಾದ್ರೂ ಆ ರಿಜಿಸ್ಟರ್ ತೋರಿಸಿ ಇದ್ರಲ್ಲಿ ಮುಖ್ಯವಾದ್ದು ಯಾವ್ದು ಅಂತ ಕೇಳಿದ್ರೆ ನಾನು ಅದನ್ನೇ ತೋರಿಸ್ತೀನಿ. ಯಾಕೆ ಅಂತ ಹೇಳ್ತೀನಿ.

ರಿಜಿಸ್ಟರ್ ಪುಟ ತಿರುವ್ತಾ ಹೋದ್ರೆ ಒಂದೇ ಮನುಷ್ಯ ಮತ್ತೆ ಮತ್ತೆ ಕಾಣಿಸ್ತಾನೆ. ಗಂಡಸು. ಮೂವತ್ತರಿಂದ ನಲವತ್ತೈದರ ಒಳಗೆ. ಮದ್ವೆ ಆಗಿದೆ, ಎರಡು ಮಕ್ಕಳು. ಏಳನೇ ಕ್ಲಾಸೋ ಎಸ್ಸೆಸ್ಸೆಲ್ಸಿ ಫೇಲೋ. ತೋಟದ ಕೂಲಿ, ಗಾರೆ ಕೆಲಸ, ಆಟೋ, ಲಾರಿ ಡ್ರೈವಿಂಗು, ಒಂದೆರಡು ಎಕರೆ ಇರೋ ರೈತ. ತಗೊಳೋದು ಎಣ್ಣೆ. ಹತ್ತು ಹದಿನೈದು ವರ್ಷದಿಂದ. ಜೊತೇಲಿ ಹೆಂಡ್ತಿ. ಇದು ನಮ್ಮ ಮಲೆನಾಡಿನ ಕಥೆ ಮಾತ್ರ ಅಲ್ಲ, ದೇಶದ ಬೇರೆ ಬೇರೆ ಊರಿನ ಚಿಕಿತ್ಸಾ ಕೇಂದ್ರದೋರು ತಮ್ಮಲ್ಲಿ ಬಂದೋರ ಲೆಕ್ಕ ಬರೆದಾಗ್ಲೂ ಹೆಚ್ಚುಕಮ್ಮಿ ಇದೇ ಮುಖ ಕಾಣತ್ತೆ, ಪಂಜಾಬಲ್ಲೋ ಮಣಿಪುರದಲ್ಲೋ ಆದ್ರೆ ಎಣ್ಣೆ ಜಾಗದಲ್ಲಿ ಹೆರಾಯಿನ್ ಹೆಚ್ಚಿರತ್ತೆ, ವಯಸ್ಸು ಇನ್ನೂ ಚಿಕ್ಕದಿರತ್ತೆ, ಅಷ್ಟೇ.

ಈ ಪುಟಗಳ ಮಧ್ಯೆ ಇನ್ನೊಂದು ಮುಖ ಈಚೆಗೆ ಜಾಸ್ತಿ ಆಗ್ತಿದೆ. ಹದಿನೆಂಟರಿಂದ ಇಪ್ಪತ್ತೈದು, ಮದ್ವೆ ಆಗಿಲ್ಲ, ಪಿಯುಸಿನೋ ಐಟಿಐನೋ ಡಿಗ್ರಿನೋ ಅರ್ಧಕ್ಕೆ ಬಿಟ್ಟಿದಾನೆ, ಗಾಂಜಾ, ಇಲ್ಲಾ ಮಾತ್ರೆ. ಮಾತ್ರೆ ಅಂದ್ರೆ ನಿದ್ದೆ ಮಾತ್ರೆ, ನೋವಿನ ಮಾತ್ರೆ. ಟ್ರಮಡಾಲ್ ಅಂತ ಒಂದು ನೋವಿನ ಮಾತ್ರೆನ ಕೇಂದ್ರ ಸರ್ಕಾರ 2018ರಲ್ಲಿ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ತಡೆ ಕಾಯ್ದೆ ಕೆಳಗೆ ತಂತು, ಅದು ಸಿಗೋದು ಕಷ್ಟ ಆದ್ಮೇಲೆ ಹುಡುಗ್ರು ಟಪೆಂಟಡಾಲ್ ಅನ್ನೋ ಇನ್ನೊಂದು ನೋವಿನ ಮಾತ್ರೆ ಕಡೆ ಹೋದ್ರು, ಕೆಲವರು ಅದನ್ನ ಪುಡಿ ಮಾಡಿ ನೀರಲ್ಲಿ ಕಲಸಿ ಸೂಜಿಯಲ್ಲಿ ಚುಚ್ಕೋತಾರೆ, ನುಂಗಕ್ಕೆ ಅಂತ ಮಾಡಿದ ಮಾತ್ರೆ ಅದು, ರಕ್ತನಾಳಕ್ಕೆ ಹೋದ್ರೆ ಒಳಗೆ ಏನೇನು ಕಟ್ಕೊಳತ್ತೆ ಅಂತ ನೆನೆಸಿಕೊಂಡ್ರೇ ಭಯ ಆಗತ್ತೆ. ಈ ಹುಡುಗ್ರ ಕೊನೇ ಕಾಲಂನಲ್ಲಿ ಹೆಂಡ್ತಿ ಇರಲ್ಲ, ಅಪ್ಪ ಅಮ್ಮ ಇರ್ತಾರೆ, ಅದೂ ಹೆಚ್ಚಾಗಿ ಅಮ್ಮ.

ಸರಿ, ಇಷ್ಟು ನೋಡಿದೋರು ಏನಂತಾರೆ? ಕೂಲಿಯೋರೇ ಕುಡಿಯೋದು ಅಂತಾರೆ. ಓದು ಇಲ್ಲದೋರು ಕೆಡ್ತಾರೆ, ಹೆಂಗಸರು ಕುಡಿಯಲ್ಲ, ನಲವತ್ತು ದಾಟಿದ ಗಂಡಸರದ್ದು ಈ ಸಮಸ್ಯೆ ಅಂತಾರೆ. ಭಾಷಣಗಳಲ್ಲೂ ಕೇಳಿದೀನಿ ಇದನ್ನ. ಇಲ್ಲೇ ನಾನು ನಿಮ್ಮನ್ನ ಸ್ವಲ್ಪ ತಡೀಬೇಕು. ಇಲ್ಲಿ ತೋಟ ಇರೋರು ಇದೀರಾ, ತೋಟದಲ್ಲಿ ದುಡಿಯೋರು ಇದೀರಾ, ನೀವೇ ಹೇಳಿ, ಸಿಪ್ಪೆ ಬಿಡಿಸೋ ಕಾಫಿ ಕ್ಯೂರಿಂಗ್‌ಗೆ ಬಂದ ಮೂಟೆ ಎಣಿಸಿ ಆ ವರ್ಷ ಮಳೆಗೆ ಉದುರಿ ಕೊಳೆತ ಹಣ್ಣಿನ ಲೆಕ್ಕ ಹೇಳಕ್ಕಾಗತ್ತಾ? ಬರೀ ಬಂದ ಮೂಟೆ ಲೆಕ್ಕ ಅದು. ನಮ್ಮ ರಿಜಿಸ್ಟರೂ ಹಂಗೇ. ಬಾಗಿಲು ದಾಟಿ ಒಳಗೆ ಬಂದೋರ ಲೆಕ್ಕ. ಬಾಗಿಲು ದಾಟಬೇಕು ಅಂದ್ರೆ ಏನೇನು ಬೇಕು ನೋಡಿ, ಎರಡು ವಾರ ಕೂಲಿ ಬಿಟ್ರೂ ಮನೇಲಿ ಒಲೆ ಉರೀಬೇಕು, ಜೊತೇಲಿ ಒಬ್ರು ಬಂದು ಉಳ್ಕೋಬೇಕು, ಇದು ಕಾಯಿಲೆ ಅಂತ ಆ ಮನೇಲಿ ಒಬ್ರಿಗಾದ್ರೂ ಅನ್ನಿಸಿರ್ಬೇಕು, ಊರೋರು ನೋಡಿದ್ರೂ ಪರ್ವಾಗಿಲ್ಲ ಅನ್ನೋ ಹಂತಕ್ಕೆ ಬಂದಿರ್ಬೇಕು. ಇಷ್ಟೂ ಕೂಡಿಬಂದೋರು ಮಾತ್ರ ನಮ್ಮ ಪುಟದಲ್ಲಿ ಇರೋದು.

ಎಷ್ಟು ಜನ ಹಾಗೆ ಬರ್ತಾರೆ ಅನ್ನೋದಕ್ಕೆ ಒಂದು ಲೆಕ್ಕ ಇದೆ, ಇದನ್ನ ದಯವಿಟ್ಟು ಬರ್ಕೊಳ್ಳಿ. 2018ರಲ್ಲಿ ದೆಹಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದೋರು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕೋಸ್ಕರ ಇಡೀ ದೇಶದಲ್ಲಿ ಸರ್ವೇ ಮಾಡಿದ್ರು, 2019ರಲ್ಲಿ ವರದಿ ಬಂತು. 186 ಜಿಲ್ಲೆ, 2 ಲಕ್ಷ ಮನೆ, 4 ಲಕ್ಷ 73 ಸಾವಿರ ಜನರನ್ನ ಮಾತಾಡಿಸಿದ್ರು. 10ರಿಂದ 75 ವರ್ಷದೊಳಗಿನೋರಲ್ಲಿ ನೂರಕ್ಕೆ 14.6 ಜನ, ಅಂದ್ರೆ ಸುಮಾರು 16 ಕೋಟಿ ಜನ ಮದ್ಯ ಕುಡೀತಾರೆ. ಅದ್ರಲ್ಲಿ ಕುಡಿತದಿಂದ ತೊಂದ್ರೆಗೆ ಬಿದ್ದು ಸಹಾಯ ಬೇಕಾದೋರು 5.7 ಕೋಟಿಗೂ ಹೆಚ್ಚು. ಈಗ ಕೇಳಿ, ಕುಡಿತಕ್ಕೆ ಪೂರ್ತಿ ದಾಸರಾದ 38 ಜನರಲ್ಲಿ ಒಬ್ರು ಮಾತ್ರ ಏನಾದ್ರೂ ಒಂದು ಚಿಕಿತ್ಸೆ ತಗೊಂಡಿದ್ದು. ಆಸ್ಪತ್ರೆಗೆ ಅಡ್ಮಿಟ್ ಆಗಿದ್ದು 180 ಜನಕ್ಕೆ ಒಬ್ರು. ಈ ಹಾಲಲ್ಲಿ ಈಗ ಹತ್ತಿರ ಹತ್ತಿರ 180 ಜನ ಇದೀರಾ. ನೀವೆಲ್ಲ ಕುಡಿತದಿಂದ ನರಳ್ತಿದೀರಾ ಅಂತ ಇಟ್ಕೊಂಡ್ರೆ ವಾರ್ಡಲ್ಲಿ ನಂಗೆ ಸಿಗೋದು ಒಬ್ರು. ಆ ಒಬ್ರ ವಯಸ್ಸು, ಓದು, ಕೆಲಸ ನೋಡಿ ಮಿಕ್ಕ 179 ಜನ ಹೀಗೇ ಅಂತ ಹೇಳಿದ್ರೆ ಒಪ್ತೀರಾ?

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೀತು, ಅದ್ರಲ್ಲೂ ಇದೇ ಕಂಡಿದ್ದು, ಮದ್ಯದ ಸಮಸ್ಯೆ ಇರೋ ನೂರು ಜನರಲ್ಲಿ 86 ಜನಕ್ಕೆ ಚಿಕಿತ್ಸೆ ಸಿಕ್ಕೇ ಇರ್ಲಿಲ್ಲ. ಎರಡೂ ಸರ್ವೇ ಕೇಳಿದ ರೀತಿ ಬೇರೆ, ಆದ್ರೆ ಹೇಳೋ ಮಾತು ಒಂದೇ.

ಇನ್ನೊಂದು ವಿಷಯ ಆ ಏಮ್ಸ್ ಸರ್ವೇದು, ನಂಗೆ ಬಹಳ ಇಷ್ಟ ಆಗಿದ್ದು. ಮನೆ ಮನೆಗೆ ಹೋಗಿ ಗಾಂಜಾ ಹೊಡೀತೀರಾ, ಸೂಜಿ ಚುಚ್ಕೋತೀರಾ ಅಂತ ಕೇಳಿದ್ರೆ ಯಾರು ಹೌದು ಅಂತಾರೆ? ಅಪ್ಪ ಅಮ್ಮ ಜಗುಲಿ ಮೇಲೆ ಕೂತಿರ್ತಾರೆ. ಅದು ಅವ್ರಿಗೂ ಗೊತ್ತಿತ್ತು. ಅದಕ್ಕೆ ಬೇರೆ ದಾರಿ ಹಿಡಿದ್ರು. ಡ್ರಗ್ಸ್ ತಗೊಳೋ ಕೆಲವ್ರನ್ನ ಮೊದ್ಲು ಹುಡುಕಿ ಮಾತಾಡ್ಸಿ ಅವ್ರ ಕೈಗೆ ಒಂದಿಷ್ಟು ಕೂಪನ್ ಕೊಟ್ರು, ನಿಮ್ಮಂಗೇ ತಗೊಳೋ ಸ್ನೇಹಿತ್ರಿಗೆ ಕೊಡಿ, ಅವ್ರು ಬಂದು ಮಾತಾಡ್ಲಿ ಅಂತ, ಬಂದ ಅವ್ರಿಗೆ ಮತ್ತೆ ಕೂಪನ್, ಹೀಗೆ ಒಬ್ರಿಂದ ಒಬ್ರಿಗೆ ಹೋಗಿ 70 ಸಾವಿರಕ್ಕೂ ಹೆಚ್ಚು ಜನರನ್ನ ಮುಟ್ಟಿದ್ರು. ಮನೆಬಾಗಿಲಲ್ಲಿ ನಿಂತು ಕೇಳಿದ್ರೆ ಸಿಗದೋರು ಸ್ನೇಹಿತನ ಮಾತಿಗೆ ಬಂದ್ರು. ನಮ್ಮ ಕೇಂದ್ರಗಳು ಇದ್ರಿಂದ ಕಲೀಬೇಕಾದ್ದು ಬಹಳ ಇದೆ ಅಂತ ನಂಗೆ ಅನ್ಸತ್ತೆ, ಯಾಕಂದ್ರೆ ಒಬ್ಬ ಹುಡುಗ ಬಿಟ್ಟು ಚೆನ್ನಾಗಿದ್ರೆ ಅವ್ನ ಗ್ಯಾಂಗಿನ ಇನ್ನಿಬ್ರು ತಾವಾಗೇ ಬಂದಿದ್ದನ್ನ ನಾನೇ ನೋಡಿದೀನಿ.

"ಎಷ್ಟು ವರ್ಷದಿಂದ" ಅನ್ನೋ ಕಾಲಂ ಬಗ್ಗೆ ಒಂದು ಹೇಳ್ಬೇಕು. ಒಂದ್ಸಲ ಆಲ್ದೂರು ಕಡೆಯಿಂದ ಗಂಡ ಹೆಂಡ್ತಿ ಬಂದ್ರು. ಹೆಂಡ್ತಿ ಕೈಲಿ ಒಂದು ಪ್ಲಾಸ್ಟಿಕ್ ಕವರು, ಅದ್ರಲ್ಲಿ ರೇಷನ್ ಕಾರ್ಡು, ಆಧಾರ್ ಕಾರ್ಡು, ಒಂದು ಬಾಚಣಿಗೆ, ಸ್ಟೀಲ್ ಲೋಟ. ಅಡ್ಮಿಟ್ ಮಾಡ್ಕೋತಾರೆ ಅಂತ ನಂಬ್ಕೊಂಡೇ ಬಂದಿದ್ರು ಆ ಅಮ್ಮ. ಎಷ್ಟು ವರ್ಷದಿಂದ ಕುಡೀತೀರಿ ಅಂತ ಗಂಡನ್ನ ಕೇಳ್ದೆ. "ನಾಲ್ಕೈದು ವರ್ಷ ಆಗಿರ್ಬೋದು ಮೇಡಂ" ಅಂದ್ರು. ಹೆಂಡ್ತಿ ನೆಲ ನೋಡ್ತಾ ಕೂತಿದ್ದೋರು ಮೆಲ್ಲಗೆ ಬೆರಳು ಮಡಚಕ್ಕೆ ಶುರು ಮಾಡಿದ್ರು. "ನಮ್ಮ ಮದ್ವೆ ದಿವ್ಸನೇ ಕುಡ್ದಿದ್ರು, ನಂಗೆ ಆಗ ವಾಸನೆ ಗೊತ್ತಾಗ್ತಿರ್ಲಿಲ್ಲ. ದೊಡ್ಡೋಳು ಹೊಟ್ಟೇಲಿದ್ದಾಗ ಬಟವಾಡೆ ದಿವ್ಸ ಮಾತ್ರ. ಅವ್ಳು ಅಂಗನವಾಡಿಗೆ ಹೋಗೋ ಹೊತ್ಗೆ ದಿನಾ ಸಂಜೆ. ಚಿಕ್ಕೋನ ನಾಮಕರಣದಲ್ಲಿ ನಮ್ಮಣ್ಣನ ಮೇಲೆ ಕೈ ಮಾಡಿದ್ರು. ಹಸ ಮಾರಿದ್ದು ಅದಾದ್ಮೇಲೆ. ಬೆಳಿಗ್ಗೆ ಎದ್ದು ಹಾಕೊಳಕ್ಕೆ ಶುರು ಮಾಡಿದ್ದು ಮನೆ ಹೆಂಚು ತೆಗೆದು ಶೀಟ್ ಹಾಕ್ಸಿದ ವರ್ಷ. ಈಗ ದೊಡ್ಡೋಳು ಪಿಯುಸಿ." ಅವ್ರ ಬೆರಳು ಮುಗ್ದು ಹೋಗಿತ್ತು. ಗಂಡ ಒಂದೂ ಮಾತಾಡ್ಲಿಲ್ಲ. ನಾನು ಹದಿನೆಂಟು ವರ್ಷ ಅಂತ ಬರ್ದೆ.

ಇಷ್ಟು ಕರಾರುವಾಕ್ಕಾಗಿ ಕಾಯಿಲೆ ಚರಿತ್ರೆ ಯಾವ ಲ್ಯಾಬಲ್ಲೂ ಸಿಗಲ್ಲ. ಮೊದ್ಲು ಬರೀ ಬಟವಾಡೆ ದಿವ್ಸ, ಆಮೇಲೆ ದಿನಾ ಸಂಜೆ, ಆಮೇಲೆ ಬೆಳಿಗ್ಗೆ ಕೈ ನಡುಕ ನಿಲ್ಲಿಸಕ್ಕೆ. ಬೆಳಿಗ್ಗೆ ಕುಡಿಯೋದು ಬಂತು ಅಂದ್ರೆ ದೇಹ ಅದನ್ನ ಕೇಳ್ತಿದೆ ಅಂತ. ಈ ಮೂರು ಮೆಟ್ಟಿಲು ಇಳಿಯಕ್ಕೆ ಆ ಮನುಷ್ಯನಿಗೆ ಹತ್ತು ವರ್ಷದ ಮೇಲೆ ಹಿಡೀತು, ಅಷ್ಟೂ ದಿನ ಯಾರೂ ಒಂದು ಮಾತು ಕೇಳ್ಲಿಲ್ಲ. ಜ್ವರಕ್ಕೆ, ಬೆನ್ನು ನೋವಿಗೆ ಆಸ್ಪತ್ರೆಗೆ ಹೋಗಿದಾರೆ, ಎಷ್ಟೋ ಸಲ. ಎಷ್ಟು ಕುಡೀತೀರಾ ಅಂತ ಒಬ್ರು ಕೇಳಿದ್ರೆ ಇಪ್ಪತ್ತೆಂಟನೇ ವಯಸ್ಸಲ್ಲೇ ಗೊತ್ತಾಗ್ತಿತ್ತು. ಅದಕ್ಕೇ ನಮ್ಮ ರಿಜಿಸ್ಟರಲ್ಲಿ ಮೂವತ್ತೈದು ನಲವತ್ತು ವಯಸ್ಸು ಅಷ್ಟೊಂದು ಕಾಣೋದು. ಕಾಯಿಲೆ ಶುರುವಾದ ವಯಸ್ಸು ಅದಲ್ಲ ನೋಡಿ. ಮನೆಯೋರಿಗೆ ತಡೆಯಕ್ಕೆ ಆಗದೇ ಹೋದ ವಯಸ್ಸು ಅದು.

ಅಂದಹಾಗೆ ಎಷ್ಟು ಕುಡೀತೀರಾ ಅಂತ ಕೇಳಕ್ಕೆ ನಾಚ್ಕೋಬೇಡಿ, ಆಶಾ ಅಕ್ಕಂದ್ರಿಗೆ ಹೇಳ್ತಿದೀನಿ ಇದನ್ನ. "ಸ್ವಲ್ಪ" ಅಂತಾರೆ, ಸ್ವಲ್ಪ ಅಂದ್ರೆ ಎಷ್ಟು ಅಂತ ಕೇಳಿ. 30 ಎಂಎಲ್ ವಿಸ್ಕಿನೋ ರಮ್ಮೋ ಅಂದ್ರೆ ಒಂದು ಡ್ರಿಂಕು, ಅದ್ರಲ್ಲಿ ಹತ್ತು ಗ್ರಾಂನಷ್ಟು ಆಲ್ಕೋಹಾಲ್. ಒಂದು ನೈಂಟಿ ಪ್ಯಾಕ್ ಅಂದ್ರೆ ಮೂರು, 180 ಎಂಎಲ್ ಇರೋ ಒಂದು ಕ್ವಾಟ್ರು ಅಂದ್ರೆ ಆರು. ದಿನಾ "ಒಂದೇ ಕ್ವಾಟ್ರು" ಅನ್ನೋರು ದಿನಾ ಆರು ಡ್ರಿಂಕ್ ಮಾಡ್ತಿದಾರೆ.

ಈಗ ಬರದೇ ಇರೋರ ವಿಷಯಕ್ಕೆ ಬರೋಣ, ನಾನು ಇವತ್ತು ಬಂದಿದ್ದೇ ಇದಕ್ಕೆ.

ಹೆಂಗಸರು. ಏಮ್ಸ್ ಸರ್ವೇಲಿ ಕುಡಿಯೋ 17 ಗಂಡಸರಿಗೆ ಒಬ್ರು ಹೆಂಗಸು ಅಂತ ಬಂತು. ಗಂಡಸರಲ್ಲಿ ನೂರಕ್ಕೆ 27.3, ಹೆಂಗಸರಲ್ಲಿ 1.6. ಸರಿ, ಹಾಗಾದ್ರೆ ನಮ್ಮ ರಿಜಿಸ್ಟರಲ್ಲಿ ಹದಿನೆಂಟು ಹೆಸರಿಗೆ ಒಂದು ಹೆಂಗಸಿನ ಹೆಸರಾದ್ರೂ ಇರ್ಬೇಕಿತ್ತು. ಇಲ್ಲ. ಪುಟಗಟ್ಟಲೆ ತಿರುವಿದ್ರೂ ಇಲ್ಲ. ಎಲ್ಲಿದಾರೆ ಅವ್ರು?

ಒಬ್ರನ್ನ ನಾನು ಮೂಳೆ ವಾರ್ಡಲ್ಲಿ ನೋಡ್ದೆ. ಐವತ್ತು ದಾಟಿದ ಹೆಂಗಸು, ತೋಟದಲ್ಲಿ ಕೂಲಿಯೋರಿಗೆ ಕಟ್ಟಿರೋ ಲೈನ್ ಮನೇಲಿ ಇದ್ದೋರು, ಜಾರಿ ಬಿದ್ದು ಕಾಲು ಮುರ್ಕೊಂಡು ಅಡ್ಮಿಟ್ ಆಗಿದ್ರು. ಮೊದಲ್ನೇ ದಿನ ಸರಿ ಇದ್ರು. ಎರಡ್ನೇ ದಿನ ಕೈ ನಡುಕ, ಬೆವರು. ಮೂರನೇ ದಿನ ರಾತ್ರಿ ಬೆಡ್‌ಶೀಟ್ ಮೇಲಿಂದ ಏನೋ ಆರಿಸಿ ಆರಿಸಿ ಕೆಳಗೆ ಹಾಕ್ತಿದ್ರಂತೆ, "ಇರುವೆ, ಇರುವೆ, ತೆಗೀರಮ್ಮ" ಅಂತ ಪಕ್ಕದ ಬೆಡ್ಡಿನೋರನ್ನ ಬೇಡ್ಕೋತಿದ್ರಂತೆ. ಅಲ್ಲಿ ಒಂದು ಇರುವೆನೂ ಇರ್ಲಿಲ್ಲ. ಮಗಳು ಗಾಳಿ ಸೋಕಿದೆ ಅಂತ ನಿಂಬೆಹಣ್ಣು ತಂದಿದ್ಲು. ಒಬ್ರು ಸಿಸ್ಟರ್‌ಗೆ ಅನುಮಾನ ಬಂದು ನಮ್ಮನ್ನ ಕರೆಸಿದ್ರು. ನಾನು ಕಿವಿ ಹತ್ರ ಬಗ್ಗಿ "ಅಮ್ಮ, ಮನೇಲಿ ಎಣ್ಣೆ ಹಾಕೋತಿದ್ರಾ" ಅಂದೆ. ಆ ಗೊಂದಲದಲ್ಲೂ ಅವ್ರು ಸೆರಗು ಬಾಯಿಗೆ ಅಡ್ಡ ಇಟ್ಕೊಂಡ್ರು. ನಂಗೆ ಉತ್ತರ ಸಿಕ್ತು.

ದಿನಾ ಜಾಸ್ತಿ ಕುಡಿಯೋರು ಒಂದೇ ಸಲ ನಿಲ್ಲಿಸಿದ್ರೆ ಹೀಗಾಗತ್ತೆ. ಮೊದಲ್ನೇ ದಿನ ನಡುಕ, ಎರಡು ದಿನದ ಒಳಗೆ ಫಿಟ್ಸ್ ಬರ್ಬೋದು, ಎರಡರಿಂದ ನಾಲ್ಕನೇ ದಿನದಲ್ಲಿ ಈ ಥರ ಇಲ್ಲದ್ದು ಕಾಣೋದು, ದಿಕ್ಕು ತಪ್ಪೋದು. ಚಿಕಿತ್ಸೆ ಆಗ್ಲಿಲ್ಲ ಅಂದ್ರೆ ಜೀವ ಹೋಗ್ಬೋದು. ಇದಕ್ಕೆ ಔಷಧಿ ಇದೆ, ಡಯಾಜೆಪಾಮ್, ಲೊರಾಜೆಪಾಮ್ ಥರದ್ದು ಕೊಟ್ಟು ದಿನದಿನಕ್ಕೂ ಕಮ್ಮಿ ಮಾಡ್ತಾರೆ, ಥಯಮಿನ್ ಅಂತ ವಿಟಮಿನ್ ಇಂಜೆಕ್ಷನ್ ಕೊಡ್ತಾರೆ. ಆ ಅಮ್ಮ ನಾಲ್ಕು ದಿನಕ್ಕೆ ಚೇತರಿಸ್ಕೊಂಡ್ರು. ಆಮೇಲೆ ನನ್ನ ಕೈ ಹಿಡ್ಕೊಂಡು ಹೇಳಿದ್ದು ಇಷ್ಟು, "ಮಳೇಲಿ ನೆಂದು ಬಂದು ಮೈ ಕೈ ನೋವು ತಾಯಿ, ಒಂದು ನೈಂಟಿ ಹಾಕಿದ್ರೆ ನಿದ್ದೆ ಬರ್ತಿತ್ತು, ಯಜಮಾನ್ರು ಹೋದ್ಮೇಲೆ ಎರಡಾಯ್ತು." ಗಂಡ ಕುಡಿದ್ರೆ ಹೆಂಡ್ತಿ ಕರ್ಕೊಂಡು ಬರ್ತಾಳೆ. ಆ ಅಮ್ಮನ್ನ ಯಾರು ಕರ್ಕೊಂಡು ಬರ್ತಾರೆ? ಅವ್ರ ಹೆಸರು ಇವತ್ತಿಗೂ ಮೂಳೆ ವಾರ್ಡಿನ ಪುಸ್ತಕದಲ್ಲಿದೆ, ನಮ್ಮದ್ರಲ್ಲಿಲ್ಲ.

ಹೆಂಗಸರ ದೇಹದಲ್ಲಿ ನೀರಿನ ಅಂಶ ಕಮ್ಮಿ, ಅಷ್ಟೇ ಕುಡಿದ್ರೂ ರಕ್ತದಲ್ಲಿ ಹೆಚ್ಚು ಏರತ್ತೆ, ಗಂಡಸರಿಗಿಂತ ಬೇಗ ಲಿವರ್ ಕೆಡತ್ತೆ, ಶುರು ಮಾಡಿದ್ದು ತಡ ಆದ್ರೂ ಕಷ್ಟದ ಹಂತಕ್ಕೆ ಬೇಗ ಮುಟ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಹೆಂಗಸರಿಗೆ ಅಂತ ಬೇರೆ ಬೆಡ್ಡು, ರಾತ್ರಿ ಹೆಂಗಸು ಸಿಬ್ಬಂದಿ, ಮಗು ಇದ್ರೆ ಜೊತೇಲಿ ಇಟ್ಕೊಳೋ ವ್ಯವಸ್ಥೆ ಎಷ್ಟು ಕೇಂದ್ರದಲ್ಲಿದೆ ಹೇಳಿ. ಇಲ್ಲ ಅಂದ್ಮೇಲೆ ಹೆಂಗಸರು ಬರಲ್ಲ, ಬರಲ್ಲ ಅಂದ್ಮೇಲೆ ಬೆಡ್ ಯಾಕೆ ಅಂತ ಮೇಲಿನೋರು ಕೇಳ್ತಾರೆ. ಇದು ನಂಗೆ ಬಹಳ ಸಂಕಟ ಕೊಡೋ ವಿಷಯ. ಇನ್ನು ಹೊಗೆಸೊಪ್ಪು, ಕಡ್ಡಿಪುಡಿ ಹಾಕೋ ಅಜ್ಜಿಯಂದ್ರಿಗೆ ಅದೂ ಒಂದು ವ್ಯಸನ ಅಂತ ಯಾರೂ ಹೇಳೇ ಇಲ್ಲ, 2016-17ರ ತಂಬಾಕು ಸರ್ವೇಲಿ ದೇಶದ ಹೆಂಗಸರಲ್ಲಿ ನೂರಕ್ಕೆ 14 ಜನ ತಂಬಾಕು ಬಳಸ್ತಿದ್ರು, ಬಾಯಿ ಹುಣ್ಣಾಗಿ ವಾಸಿ ಆಗದೇ ಇದ್ದಾಗ ಮಾತ್ರ ಆಸ್ಪತ್ರೆ ನೆನಪಾಗತ್ತೆ.

ಮಕ್ಕಳು. ಮೇಷ್ಟ್ರುಗಳು ಸ್ವಲ್ಪ ಗಮನ ಕೊಡಿ. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಇವನ್ನ ಕರ್ಚೀಫಿಗೆ ಹಾಕಿ ಮೂಸೋದು. ಬೇರೆ ಎಲ್ಲಾ ವಸ್ತುನೂ ದೊಡ್ಡೋರೇ ಹೆಚ್ಚು ತಗೊಳೋದು, ಇದೊಂದು ಮಾತ್ರ ಉಲ್ಟಾ. ಏಮ್ಸ್ ಲೆಕ್ಕದಲ್ಲಿ ಮಕ್ಕಳಲ್ಲಿ ನೂರಕ್ಕೆ 1.17, ದೊಡ್ಡೋರಲ್ಲಿ 0.58. ಸಹಾಯ ಬೇಕಾದ ಮಕ್ಕಳು ದೇಶದಲ್ಲಿ 4.6 ಲಕ್ಷ. ಅಗ್ಗ, ಯಾವ ಅಂಗಡೀಲೂ ಸಿಗತ್ತೆ. ಆ ಮಕ್ಕಳು ಎಂಥವರು ಅಂದ್ರೆ ಹೆಚ್ಚಾಗಿ ಸ್ಕೂಲು ಬಿಟ್ಟೋರು, ಬಸ್ ಸ್ಟ್ಯಾಂಡು, ಗುಜರಿ, ಗ್ಯಾರೇಜು ಅಂತ ಇರೋರು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದು ಹಾಕಿದೀವಿ, ನಮ್ಮ ರಿಜಿಸ್ಟರಿಗೆ ಇನ್ನೂ ಬಂದಿಲ್ಲ, ಎರಡು ಪುಸ್ತಕದ ನಡುವೆ ಇದಾರೆ ಆ ಮಕ್ಕಳು. ಬಟ್ಟೇಲಿ ಪೇಂಟಿನ ವಾಸನೆ, ಬಾಯಿ ಸುತ್ತ ಮೂಗಿನ ಸುತ್ತ ಕೆಂಪು ಗುಳ್ಳೆ, ತೂಕಡಿಕೆ ಕಂಡ್ರೆ ಹೊಡೀಬೇಡಿ, ಕೇಳಿ.

ಹೊರಗಿನಿಂದ ಬಂದ ಕೂಲಿ ಜನ. ಈಗ ನಮ್ಮ ತೋಟಗಳಲ್ಲಿ ಅಸ್ಸಾಮು, ಬಂಗಾಳ, ಜಾರ್ಖಂಡ್ ಕಡೆಯೋರು ಎಷ್ಟು ಜನ ಇದಾರೆ ಅಂತ ರೈಟರ್‌ಗಳಿಗೇ ಗೊತ್ತು. ಕುಯ್ಲಿನ ಹೊತ್ತಲ್ಲಿ ಹಗಲೆಲ್ಲ ದುಡಿದು ರಾತ್ರಿ ಲೈನ್ ಮನೇಲಿ ಅವ್ರೂ ಕುಡೀತಾರೆ. ನಮ್ಮ ಕೌನ್ಸೆಲಿಂಗ್ ಎಲ್ಲ ಕನ್ನಡದಲ್ಲಿ. ನಂಗೆ ಬರೋ ಹಿಂದೀಲಿ ಊಟ ಆಯ್ತಾ ಅಂತ ಕೇಳ್ಬೋದು, ಮನಸ್ಸು ಬಿಚ್ಚಿಸಕ್ಕಾಗಲ್ಲ. ಅವ್ರ ಕೊನೇ ಕಾಲಂ ಭರ್ತಿ ಮಾಡೋರು ಎರಡು ಸಾವಿರ ಕಿಲೋಮೀಟರ್ ಆಚೆ ಇದಾರೆ.

ಓದಿದೋರು, ಉಳ್ಳೋರ ಬಗ್ಗೆ ಜಾಸ್ತಿ ಹೇಳಲ್ಲ. ಅವ್ರು ಬೆಂಗಳೂರಿಗೋ ಮಂಗಳೂರಿಗೋ ಹೋಗ್ತಾರೆ, ಫೈಲಲ್ಲಿ ಲಿವರ್ ಅಂತಲೋ ಗ್ಯಾಸ್ಟ್ರಿಕ್ ಅಂತಲೋ ಇರತ್ತೆ. ಅಲ್ಲೂ ನರಳಾಟ ಅದೇ, ಆ ಮನೆ ಹೆಂಗಸರದ್ದೂ ಅದೇ ಕಣ್ಣೀರು.

2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದು ನಿಮ್ಗೆಲ್ಲ ನೆನಪಿರ್ಬೋದು. ಅದಕ್ಕೆ ಹೋರಾಡಿದ ಹೆಂಗಸರು ಈ ಹಾಲಲ್ಲೇ ಇದೀರಾ ಅನ್ಸತ್ತೆ, ದೊಡ್ಡ ಕೆಲಸ ಅದು. ಆದ್ರೆ ಸಾರಾಯಿ ನಿಂತ ದಿನ ಸಾರಾಯಿಗೆ ದಾಸರಾಗಿದ್ದ ದೇಹಗಳು ಹಾಗೇ ಇದ್ವಲ್ಲ, ಅವು ಕಮ್ಮಿ ರೇಟಿನ ವಿಸ್ಕಿ ಬ್ರಾಂದಿ ಪ್ಯಾಕೆಟ್ಟಿಗೆ ಹೋದ್ವು. ಅಂಗಡಿ ಮುಚ್ಚೋದಕ್ಕೆ ಮಾಡಿದ ತಯಾರಿ ಚಿಕಿತ್ಸೆ ಕೊಡೋದಕ್ಕೂ ಮಾಡಿದ್ರೆ ಆವತ್ತಿನ ಎಷ್ಟೋ ಜನ ಇವತ್ತು ಇರ್ತಿದ್ರು ಅಂತ ನನ್ನ ಅನಿಸಿಕೆ.

ಹಾಗಂತ ನಮ್ಮ ಜನಕ್ಕೆ ಬಿಡೋ ದಾರಿ ಗೊತ್ತೇ ಇಲ್ಲ ಅಂತ ಅಲ್ಲ. "ಹಿಂದೆ ಯಾವಾಗಾದ್ರೂ ಬಿಟ್ಟಿದ್ರಾ" ಅಂತ ಕೇಳಿದ್ರೆ ಎಷ್ಟೊಂದು ಜನ ಹೇಳೋದು "ಮಾಲೆ ಹಾಕಿದಾಗ ಬಿಟ್ಟಿದ್ದೆ ಮೇಡಂ" ಅಂತ. ಅಯ್ಯಪ್ಪ ಮಾಲೆ. ನಲವತ್ತೊಂದು ದಿನ, ತಣ್ಣೀರು ಸ್ನಾನ, ಊರೋರೆಲ್ಲ ಸ್ವಾಮಿ ಅಂತ ಕರೀತಾರೆ, ಜೊತೇಲಿ ಹತ್ತು ಜನ ಸ್ವಾಮಿಗಳು. ನಾನು ಇದನ್ನ ಕೇಸ್ ಶೀಟಲ್ಲಿ ದಪ್ಪಕ್ಷರದಲ್ಲಿ ಬರೀತೀನಿ. ಆ ನಲವತ್ತೊಂದು ದಿನ ಮನೇಲಿ ಹೆಂಗಿತ್ತು ಅಂತ ಮಕ್ಕಳನ್ನ ಕೇಳಿದ್ರೆ ಅವ್ರ ಮುಖ ನೋಡ್ಬೇಕು ನೀವು. ಗೌರವ ಸಿಕ್ತು, ಗುಂಪು ಸಿಕ್ತು, ಸಂಜೆ ಹೊತ್ತಿಗೆ ಭಜನೆ ಅಂತ ಒಂದು ಕೆಲಸ ಸಿಕ್ತು. ಮಾಲೆ ತೆಗೆದ ಮಾರನೇ ದಿನ ಮೂರೂ ಹೋಯ್ತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೋರು, ಜನಜಾಗೃತಿ ವೇದಿಕೆಯೋರು ಊರೂರಲ್ಲಿ ಮಾಡೋ ಎಂಟು ದಿನದ ಮದ್ಯವರ್ಜನ ಶಿಬಿರದಲ್ಲೂ ಇದೇ ಬಲ ಇದೆ, ಆಸ್ಪತ್ರೆ ಅಂದ್ರೆ ಬರದೇ ಇರೋ ಮನುಷ್ಯ ತನ್ನೂರಿನ ಸಮುದಾಯ ಭವನಕ್ಕೆ ಬರ್ತಾನೆ, ಶಿಬಿರ ಆದ್ಮೇಲೆ ನವಜೀವನ ಸಮಿತಿ ಅಂತ ಗುಂಪು ಮುಂದುವರಿಯತ್ತೆ. ಬಾಗಿಲನ್ನೇ ಅವ್ನ ಊರಿಗೆ ತಗೊಂಡು ಹೋದಂಗೆ. ನಾನು ನೋಡಿದ ಶಿಬಿರಗಳಲ್ಲಿ ಕೂತೋರು ಮಾತ್ರ ಗಂಡಸರೇ. ಮೂಳೆ ವಾರ್ಡಿನ ಆ ಅಮ್ಮನಿಗೆ ಮಾಲೆನೂ ಇಲ್ಲ, ಶಿಬಿರನೂ ಇಲ್ಲ.

ಒಂದು ಎಚ್ಚರಿಕೆ. ಬಸ್ ಸ್ಟ್ಯಾಂಡ್ ಗೋಡೇಲಿ "ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಅಂತ ಅಂಟಿಸಿರ್ತಾರಲ್ಲ, ಆ ಪುಡಿ ತಂದು ಸಾರಿಗೆ ಹಾಕಿ ಕೊಡ್ಬೇಡಿ. ಡೈಸಲ್ಫಿರಾಂ ಅಂತ ಒಂದು ಔಷಧಿ ಇದೆ, ಒಳ್ಳೇ ಔಷಧಿನೇ, ಕುಡಿಯೋನಿಗೆ ಪೂರ್ತಿ ತಿಳಿಸಿ, ಒಪ್ಪಿಸಿ, ಡಾಕ್ಟರ್ ನೋಡ್ಕೊಂಡು ಕೊಡೋದು. ಗೊತ್ತಿಲ್ಲದೇ ಅದು ಹೊಟ್ಟೇಲಿದ್ದು ಮೇಲೆ ಎಣ್ಣೆ ಹಾಕಿದ್ರೆ ವಾಂತಿ, ಮುಖ ಕೆಂಪಾಗಿ ಎದೆ ಹೊಡ್ಕೊಳೋದು, ಬಿಪಿ ಇಳಿಯೋದು, ಪ್ರಾಣಕ್ಕೇ ಬರ್ಬೋದು. ಆ ಪುಡೀಲಿ ಏನಿದೆ ಅಂತ ಮಾರೋನೂ ಹೇಳಲ್ಲ. ಅದನ್ನ ಕೊಳ್ಳೋ ಅಕ್ಕಂದ್ರ ಮೇಲೆ ನಂಗೆ ಸಿಟ್ಟಿಲ್ಲ, ಬಾಗಿಲಿಗೆ ಕರ್ಕೊಂಡು ಬರಕ್ಕೆ ಆಗದೇ ಇದ್ದಾಗ ಮಾಡೋ ಕೊನೇ ಪ್ರಯತ್ನ ಅದು.

ಕೇಸ್ ಆಗತ್ತೆ ಅಂತ ಹೆದರೋ ಅಪ್ಪ ಅಮ್ಮಂದ್ರು ಬಹಳ ಇದಾರೆ. 1985ರ ಎನ್‌ಡಿಪಿಎಸ್ ಕಾಯ್ದೇಲೇ 64ಎ ಅಂತ ಒಂದು ಸೆಕ್ಷನ್ ಇದೆ, ಸೇವನೆಗೋ ಸಣ್ಣ ಪ್ರಮಾಣಕ್ಕೋ ಕೇಸಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗೇ ಮಾನ್ಯತೆ ಇರೋ ಕಡೆ ಚಿಕಿತ್ಸೆಗೆ ಒಪ್ಪಿದ್ರೆ ಆ ಕೇಸಿಂದ ರಕ್ಷಣೆ ಇದೆ, ಆದ್ರೆ ಚಿಕಿತ್ಸೆ ಪೂರ್ತಿ ಮುಗಿಸ್ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಮದ್ಯ, ಡ್ರಗ್ಸಿಂದ ಆಗೋ ತೊಂದ್ರೆನೂ ಮಾನಸಿಕ ಕಾಯಿಲೆ ಅಂತಲೇ ಬರತ್ತೆ, ಅದೇ ಕಾಯ್ದೆ ಪ್ರಕಾರ ಯಾರನ್ನೂ ಸರಪಳಿ ಹಾಕಿ ಕಟ್ಟೋ ಹಾಗಿಲ್ಲ. ಕಟ್ಟಿಹಾಕ್ತೀವಿ, ಎರಡೇಟು ಕೊಟ್ಟು ಬಿಡಿಸ್ತೀವಿ ಅನ್ನೋ ಜಾಗಕ್ಕೆ ಮಕ್ಕಳನ್ನ ಬಿಡ್ಬೇಡಿ.

ಮಾತು ಮುಗಿದ್ಮೇಲೆ ಪ್ರಶ್ನೆ ಕೇಳಿದ್ರು. ರೈಟರ್ ಒಬ್ರು ಎದ್ದು, ತೋಟದಲ್ಲೇ ತಿಂಗಳಿಗೆ ಒಂದ್ಸಲ ಡಾಕ್ಟರ್ ಬಂದ್ರೆ ಹೆಂಗೆ, ಹಿಂದಿ ಬರೋ ಹುಡುಗ ಒಬ್ಬ ನಮ್ಮಲ್ಲೇ ಇದಾನೆ, ಅವ್ನು ಮಾತು ಹೇಳಕ್ಕೆ ನಿಲ್ತಾನೆ ಅಂದ್ರು. ನಂಬರ್ ತಗೊಂಡಿದೀನಿ. ಒಬ್ರು ಮೇಷ್ಟ್ರು ಸೊಲ್ಯೂಷನ್ ಮೂಸೋ ಹುಡುಗನ ಬಗ್ಗೆ ಹೊರಗೆ ಬಂದು ಮಾತಾಡಿದ್ರು, ಅದನ್ನ ಇಲ್ಲಿ ಬರೆಯಲ್ಲ.

ಕೊನೇಲಿ ಹಿಂದಿನ ಸಾಲಿಂದ ಒಬ್ಬ ಹುಡುಗಿ, ಇಪ್ಪತ್ತು ಇಪ್ಪತ್ತೆರಡು ಇರ್ಬೋದು, ಮೈಕ್ ಬೇಡ ಅಂತ ಹತ್ರ ಬಂದ್ಲು. "ಮೇಡಂ, ಅವ್ರು ಕುಡಿದೇ ಬಂದ್ರೆ ನೋಡ್ತಾರಾ? ಹಿಂದಿನ ದಿನ ನಿಲ್ಲಿಸಿ ಕರ್ಕೊಂಡು ಬನ್ನಿ ಅಂತ ಯಾರೋ ಹೇಳಿದ್ರು." ಅಪ್ಪನಾ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಅಮ್ಮ" ಅಂದ್ಲು.

ನಿಲ್ಲಿಸ್ಬೇಡ ಅಂದೆ. ದಿನಾ ಎಷ್ಟು ತಗೋತಾರೆ ಅಂತ ಒಂದು ಚೀಟೀಲಿ ಬರ್ಕೊಂಡು ಬಾ, ಫಿಟ್ಸ್ ಬಂದಿತ್ತಾ ಯಾವತ್ತಾದ್ರೂ, ಅದನ್ನೂ ಬರಿ, ಮನೇಲಿರೋ ಮಾತ್ರೆ ಚೀಟಿ ಎಲ್ಲ ತಗೊಂಡು ಬಾ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕ್ಲಿನಿಕ್‌ಗೆ ಮಾನಸಿಕ ವೈದ್ಯರು ಬರ್ತಾರೆ, ಬೆಳಿಗ್ಗೆನೇ ಬಾ, ಅಲ್ಲೀ ತನಕ ರಾತ್ರಿ ಹೊತ್ತು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಾಯ್ಬೇಡ, 108ಕ್ಕೆ ಫೋನ್ ಮಾಡು, ಬರೀ ಮಾತಾಡ್ಬೇಕು ಅನ್ಸಿದ್ರೆ 14416, ಟೆಲಿ ಮನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ವ್ಯಸನದ ಸಹಾಯವಾಣಿ 14446. ಅವ್ಳು ನಂಬರ್‌ಗಳನ್ನ ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡ್ಲು. ಜೊತೇಲಿ ನೀನೇ ಬರ್ತೀಯಾ ಅಂತ ಕೇಳ್ದೆ. ಹೂಂ ಅಂದ್ಲು.